ಏನೂ ಇಲ್ಲ, ಮನೆಗೆ ಹೋಗಿ

ಹೊಲಿಗೆ ಮೊನ್ನೆ ಬಿಚ್ಚಿದ್ರು. ಎಡಗೈ ಹೆಬ್ಬೆರಳು ಇನ್ನೂ ಸ್ವಲ್ಪ ಜೋಮು ಹಿಡಿದ ಹಾಗಿದೆ, ಹಾಗಾಗಿ ಒಂದೇ ಕೈಯಲ್ಲಿ ಕುಟ್ತಾ ಇದೀನಿ. ಕಾಗುಣಿತ ತಪ್ಪಿದ್ರೆ ಹೊಟ್ಟೆಗೆ ಹಾಕ್ಕೊಳ್ಳಿ. ಕನ್ನಡ ಮೇಡಂ ಆಗಿ ಹೀಗಾ ಅಂತ ನನ್ನ ಹಳೇ ವಿದ್ಯಾರ್ಥಿಗಳು ಕಾಲೆಳೀಬೇಡಿ.

ಆಗಿದ್ದು ಇಷ್ಟು. ಭಾನುವಾರ ರಾತ್ರಿ ಎಂಟೂವರೆ, ಬೆಳಗಿನ ಚಟ್ನಿಗೆ ಕಾಯಿ ಒಡೆದಿಡೋಣ ಅಂತ ಕೂತೆ. ಅಂಗೈ ಮೇಲೆ ಕಾಯಿ ಇಟ್ಕೊಂಡು ಮಚ್ಚಿನ ಬೆನ್ನಲ್ಲಿ ಸುತ್ತಲೂ ಕುಟ್ಟಿ ಎರಡು ಹೋಳು ಮಾಡೋದು ನಮ್ಮ ಕಡೆ ಹೆಂಗಸರಿಗೆ ಕೂತಲ್ಲೇ ಬರೋ ವಿದ್ಯೆ. ಮೂವತ್ತು ವರ್ಷದಿಂದ ಮಾಡ್ಕೊಂಡು ಬಂದಿದೀನಿ. ಅವತ್ತು ಕಣ್ಣು ಟಿವಿ ಕಡೆ ಇತ್ತು, ಮಚ್ಚು ಯಾವಾಗ ತಿರುಗ್ತೋ ಗೊತ್ತಾಗ್ಲಿಲ್ಲ. ಕಾಯಿ ಒಡೀಲಿಲ್ಲ. ಹೆಬ್ಬೆರಳಿನ ಬುಡದಲ್ಲಿ ಅಂಗೈ ಬಾಯಿ ಬಿಡ್ತು.

ನಮ್ಮತ್ತೆ ಮದ್ದೂರಿನ ಕಡೆಯವರು. ಗಾಬರಿ ಅನ್ನೋದು ಅವರ ಜಾತಕದಲ್ಲೇ ಇಲ್ಲ. ನಾನು ನಲ್ಲಿ ಕೆಳಗೆ ಕೈ ಹಿಡಿಯೋಷ್ಟರಲ್ಲಿ ಅಡುಗೆಮನೆಯಿಂದ ಡಬ್ಬ ತಂದು ಒಂದು ಹಿಡಿ ಕಾಫಿಪುಡಿ ಮೆತ್ತಿಬಿಟ್ರು. "ವಸಿ ಬಿಗಿಯಾಗಿ ಅದುಮ್ಕೊ ಕಣವ್ವಾ, ಕಚ್ಕೊತದೆ. ಇಷ್ಟುಕ್ಕೆಲ್ಲ ಆಸ್ಪತ್ರೆ ಗೀಸ್ಪತ್ರೆ ಅನ್ಬ್ಯಾಡ." ಅತ್ತ ನಮ್ಮನೆಯವರು ಕಾರಿನ ಕೀ ಹಿಡ್ಕೊಂಡು, ಊರಿನ ಒಂದು ದೊಡ್ಡ ಖಾಸಗಿ ಆಸ್ಪತ್ರೆ ಹೆಸರು ಹೇಳಿ, "ನಡಿ, ಸೀದಾ ಕ್ಯಾಶುವಾಲ್ಟಿಗೇ ಹೋಗೋಣ" ಅಂತ ಬಾಗಿಲಲ್ಲಿ ನಿಂತಿದ್ರು. ಕಾಫಿಪುಡಿ ಒಂದು ಕಡೆ, ಕ್ಯಾಶುವಾಲ್ಟಿ ಇನ್ನೊಂದು ಕಡೆ. ನಮ್ಮ ಮೈಸೂರಿನಲ್ಲಿ ಭಾನುವಾರ ರಾತ್ರಿ ಕಾಯಿಲೆ ಬಿದ್ದವರ ಪಾಡೇ ಇದು. ಈ ಎರಡರ ಮಧ್ಯೆ ಏನೂ ಇಲ್ಲ ಅಂತಲೇ ನಾವು ನಂಬಿದೀವಿ.

ಆ ದೊಡ್ಡ ಆಸ್ಪತ್ರೆ ಮಾತ್ರ ಬೇಡ ಅಂದೆ. ಕಾರಣ ಇದೆ. ಹೋದ ವರ್ಷ ಮಗ ಪಾನಿಪೂರಿ ತಿಂದು ಬಂದು ಶನಿವಾರ ರಾತ್ರಿ ಹನ್ನೊಂದಕ್ಕೆ ವಾಂತಿ ಭೇದಿ ಶುರು ಮಾಡ್ಕೊಂಡ. ಅಲ್ಲಿಗೇ ಕರ್ಕೊಂಡು ಹೋದ್ವಿ. ಹೋದ ಹತ್ತು ನಿಮಿಷಕ್ಕೆ ಮಂಚ, ಕೈಗೆ ಸೂಜಿ, ನಾಲ್ಕು ಟ್ಯೂಬ್ ರಕ್ತ, ಹೊಟ್ಟೆ ಸ್ಕ್ಯಾನಿಂಗ್. ಆಮೇಲೆ ಕೌಂಟರ್ ಹುಡುಗ ಬಂದು ತಗ್ಗಿದ ದನಿಯಲ್ಲಿ, "ಇಪ್ಪತ್ನಾಲ್ಕು ಗಂಟೆ ಅಡ್ಮಿಟ್ ಆದ್ರೆ ಇನ್ಶೂರೆನ್ಸ್ ಕ್ಲೇಮ್ ಆಗುತ್ತೆ ಮೇಡಂ, ಹಾಗೇ ಹೋದ್ರೆ ಪೂರ್ತಿ ನಿಮ್ಮ ಕೈಯಿಂದಲೇ" ಅಂದ. ಹುಡುಗ ಬೆಳಗ್ಗೆ ಆರಕ್ಕೆ ಎದ್ದು ಇಡ್ಲಿ ಕೇಳ್ದ. ಸಂಜೆವರೆಗೂ ಮಂಚದ ಮೇಲೆ ಕೂತು ಮೊಬೈಲ್ ನೋಡ್ದ. ಬಿಲ್ಲು ಹದಿನೇಳು ಸಾವಿರದ ನಾನೂರು. ಕ್ಲೇಮ್‌ನಲ್ಲಿ ಗ್ಲೌಸು, ಹತ್ತಿ, ಅದು ಇದು ಅಂತ ಕಳೆದು ನಮ್ಮ ಕೈಯಿಂದ ಎರಡೂವರೆ ಸಾವಿರ ಹೋಯ್ತು.

ಅವರನ್ನ ಕಳ್ಳರು ಅಂತ ನಾನು ಅನ್ನಲ್ಲ. ಕ್ಯಾಶುವಾಲ್ಟಿ ಇರೋದೇ ಕೆಟ್ಟದ್ದನ್ನ ಮೊದಲು ಊಹಿಸೋಕೆ. ಹೊಟ್ಟೆನೋವು ಅಂದ್ರೆ ಅಪೆಂಡಿಕ್ಸ್ ಇರಬಹುದಾ ಅಂತ ನೋಡೋದು ಅವರ ಕೆಲಸ. ಕಬ್ಬಿನ ಗಾಣಕ್ಕೆ ಕೊತ್ತಂಬರಿ ಸೊಪ್ಪು ಕೊಟ್ರೆ ಅದು ಹಿಂಡೇ ಹಿಂಡುತ್ತೆ. ಗಾಣದ್ದೇನು ತಪ್ಪು? ಒಯ್ದು ಕೊಟ್ಟವರು ನಾವು.

ಮೊದಲು ಹೀಗಿರಲಿಲ್ಲ. ನಮ್ಮ ಬೀದಿ ಕೊನೆಯಲ್ಲೇ ಒಬ್ಬರು ಡಾಕ್ಟ್ರಿದ್ರು. ಕೆಳಗೆ ಕ್ಲಿನಿಕ್, ಮೇಲೆ ಮನೆ. ರಾತ್ರಿ ಹತ್ತಕ್ಕೂ ಬೆಲ್ ಒತ್ತಬಹುದಿತ್ತು. ಪಂಚೆ ಕಟ್ಕೊಂಡೇ ಇಳಿದು ಬರ್ತಿದ್ರು. ನಾಲಿಗೆ ನೋಡಿ, ಹೊಟ್ಟೆ ಒತ್ತಿ, "ಏನೂ ಇಲ್ಲ, ಮನೆಗೆ ಹೋಗಿ, ಮಜ್ಜಿಗೆ ಕುಡಿಸಿ, ಬೆಳಗ್ಗೆ ಕರ್ಕೊಂಡು ಬನ್ನಿ" ಅಂತಿದ್ರು. ಈಗ ಅವರಿಗೇ ಎಂಬತ್ತು ಹತ್ತಿರ, ಕ್ಲಿನಿಕ್ ಇದ್ದ ಜಾಗದಲ್ಲಿ ಮೊಬೈಲ್ ಅಂಗಡಿ. ಬೇರೆ ಕ್ಲಿನಿಕ್‌ಗಳಿಗೇನು ಬರ ಇಲ್ಲ, ಆದ್ರೆ ಎಲ್ಲ ಬೋರ್ಡ್‌ಗಳ ಕೆಳಗೂ ಒಂದೇ ಸಾಲು: ಭಾನುವಾರ ರಜಾ.

ಮಗಳು ಫೋನಲ್ಲಿ ಹುಡುಕಿ, ಕುವೆಂಪುನಗರದ ಆಚೆ ಒಂದು 'ಅರ್ಜೆಂಟ್ ಕೇರ್' ತೆರೆದಿದೆ ಅಂದ್ಲು. ಹೆಸರು ಬರೆಯಲ್ಲ, ಜಾಹೀರಾತು ಅಂದ್ಕೋತೀರಿ. ಅಮೆರಿಕದಲ್ಲಿರೋ ನನ್ನ ತಮ್ಮ ಈ ಪದ ಬಹಳ ಸಲ ಹೇಳಿದ್ದ. ಅಲ್ಲಿ 1970ರ ದಶಕದಿಂದಲೂ ಇಂಥವು ಇವೆಯಂತೆ. ದಿನಸಿ ಅಂಗಡಿ ಸಾಲಿನಲ್ಲೇ ಒಂದು ಮಳಿಗೆ, ಅಪಾಯಿಂಟ್‌ಮೆಂಟ್ ಬೇಡ, ಜ್ವರ, ಗಾಯ, ಉಳುಕು ಅಂದ್ರೆ ನಡ್ಕೊಂಡು ಹೋಗೋದು. ಅಲ್ಲಿನ ಆಸ್ಪತ್ರೆ ಎಮರ್ಜೆನ್ಸಿ ಬಾಗಿಲು ತುಳಿದ್ರೆ ಬಿಲ್ಲು ನೋಡಿ ಎದೆ ಒಡೆಯುತ್ತೆ ಅಂತಿದ್ದ. ಇಲ್ಲಿ ಅಂಥದ್ದು ಇದೆ ಅಂತಲೇ ನನಗೆ ಗೊತ್ತಿರಲಿಲ್ಲ. ಕರ್ಕೊಂಡು ಹೋಗೋ ಮುಂಚೆ ಮಗಳು ಫೋನ್ ಮಾಡಿ ಕೇಳಿದ್ದು ಎರಡೇ ಪ್ರಶ್ನೆ: ಡಾಕ್ಟ್ರು ಈಗ ಒಳಗಿದಾರಾ, ಹೊಲಿಗೆ ಹಾಕ್ತೀರಾ? ನಾವು ಯಾರೂ ಇದನ್ನ ಕೇಳೋದೇ ಇಲ್ಲ, ಬೋರ್ಡ್ ನೋಡ್ಕೊಂಡು ನುಗ್ತೀವಿ. ಒಳಗೆ ಡಾಕ್ಟ್ರೇ ಇರಲ್ಲ.

ಮೊದಲನೇ ಮಹಡಿ, ಲಿಫ್ಟ್ ಇಲ್ಲ. ಇದೊಂದು ದೂರು. ಕಾಲು ಉಳುಕಿದವರು ಮೆಟ್ಟಿಲು ಹತ್ತಬೇಕು ಅನ್ನೋದು ಯಾರ ತಲೆಗೂ ಹೊಳೆದಿಲ್ಲ. ಒಳಗೆ ಹತ್ತು ಕುರ್ಚಿ. ಗೋಡೆ ಮೇಲೆ ದರಪಟ್ಟಿ ಇತ್ತು, ಅದನ್ನ ನೋಡಿ ಅರ್ಧ ನೋವು ಇಳೀತು. ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ ಬಂದಿದ್ದು 2007ರಲ್ಲಿ. ದರ ಎಲ್ಲರಿಗೂ ಕಾಣೋ ಹಾಗೆ ಹಾಕ್ಬೇಕು ಅಂತ ಅದರಲ್ಲಿದೆ. ಎಷ್ಟು ಕಡೆ ನೋಡಿದೀರಿ ನೀವು?

ಕುರ್ಚಿಗಳ ಮೇಲಿದ್ದವರ ಬಗ್ಗೆ ಹೇಳಲೇಬೇಕು. ಕ್ರಿಕೆಟ್ ಆಡಿ ಪಾದ ಉಳುಕಿಸ್ಕೊಂಡ ಹುಡುಗ. ಶ್ರೀರಂಗಪಟ್ಟಣದಿಂದ ಬಂದಿದ್ದ ಒಬ್ಬರು ಅಜ್ಜಿ, ಉರಿಮೂತ್ರ. ಅದನ್ನ ಬಾಯಿಬಿಟ್ಟು ಹೇಳೋಕೆ ನಾಚಿಕೆ, ಸೊಸೆ ಕಿವಿಯಲ್ಲಿ ಹೇಳ್ತಿದ್ರು. ಕನ್ನಡಕ ಇಲ್ಲದೆ ವೆಲ್ಡಿಂಗ್ ಮಾಡಿ ಕಣ್ಣಿಗೆ ಮರಳು ತುಂಬಿದ ಹಾಗಾಗ್ತಿದೆ ಅಂತ ಒದ್ದೆ ಟವೆಲ್ ಕಟ್ಕೊಂಡು ಕೂತಿದ್ದ ಹುಡುಗ. ಅಳಿಗುಳಿ ಮಣೆ ಆಡ್ತಾ ಹುಣಸೆಬೀಜ ಮೂಗಿಗೆ ತುರುಕಿಕೊಂಡ ಮೂರು ವರ್ಷದ ಕೂಸು.

ಆ ಹುಣಸೆಬೀಜದ್ದು ನೋಡೋ ಹಾಗಿತ್ತು. ಡಾಕ್ಟ್ರು ಇಕ್ಕಳ ತರಲಿಲ್ಲ. ತಾಯಿಗೇ ಹೇಳಿಕೊಟ್ರು: ಬೀಜ ಇಲ್ಲದ ಕಡೆ ಹೊಳ್ಳೆ ಬೆರಳಲ್ಲಿ ಮುಚ್ಚಿ, ಮಗೂಗೆ ಮುತ್ತು ಕೊಡೋ ಹಾಗೆ ಬಾಯಿಗೆ ಬಾಯಿ ಇಟ್ಟು ಒಂದೇ ಸಲ ಜೋರಾಗಿ ಊದಿ. ಆ ತಾಯಿ ಎರಡನೇ ಸಲ ಊದಿದ್ದೇ ತಡ, ಬೀಜ ಪಟ್ ಅಂತ ಡಾಕ್ಟ್ರ ಅಂಗಿ ಮೇಲೆ ಬಿತ್ತು. ಕೂಸು ಅಳೋದು ನಿಲ್ಲಿಸಿ ನಗ್ತು. ನೀವೇ ಮನೇಲಿ ಮಾಡೋಕೆ ಹೋಗ್ಬೇಡಿ, ಏನು ಸಿಕ್ಕಿದೆ, ಎಲ್ಲಿ ಸಿಕ್ಕಿದೆ ಅಂತ ನೋಡಿದ ಮೇಲೇ ಅವರು ಹೇಳಿದ್ದು. ಬಟನ್ ಬ್ಯಾಟರಿ ಆಗಿದ್ರೆ ಕಥೆನೇ ಬೇರೆ ಅಂದ್ರು, ಅದು ಕೆಲವೇ ಗಂಟೆಯಲ್ಲಿ ಮೂಗಿನ ಒಳಗೆ ಸುಡುತ್ತಂತೆ.

ಮೂಲೆ ಕುರ್ಚಿಯಲ್ಲಿ ಐವತ್ತರ ಆಸುಪಾಸಿನ ಒಬ್ಬರು. ಕೈಯಲ್ಲಿ ಅರ್ಧ ಕುಡಿದ ಸೋಡಾ ಬಾಟಲು. ಟೋಕನ್ ತಗೊಂಡು ಸುಮ್ಮನೆ ಕೂತಿದ್ರು, ಯಾರನ್ನೂ ಅವಸರ ಮಾಡ್ಲಿಲ್ಲ. ಪಕ್ಕದಲ್ಲಿದ್ದ ನಮ್ಮನೆಯವರು ಕೇಳಿದ್ದಕ್ಕೆ, "ಗ್ಯಾಸ್ಟ್ರಿಕ್ ಸಾರ್. ಮಧ್ಯಾಹ್ನ ಬೀಗರೂಟ ಇತ್ತು, ಸ್ವಲ್ಪ ಜಾಸ್ತಿ ಆಯ್ತು" ಅಂದ್ರು. ಡ್ರೆಸ್ಸಿಂಗ್ ಟ್ರೇ ಹಿಡ್ಕೊಂಡು ಹೋಗ್ತಿದ್ದ ಸಿಸ್ಟರ್ ಅಲ್ಲೇ ನಿಂತ್ರು. "ಫ್ಯಾನ್ ಕೆಳಗೇ ಕೂತಿದೀರಿ, ಯಾಕಿಷ್ಟು ಬೆವರು?" ಇಷ್ಟೇ ಕೇಳಿದ್ದು. ಉತ್ತರಕ್ಕೂ ಕಾಯದೆ ತೋಳು ಹಿಡಿದು ಒಳಗೆ ಕರ್ಕೊಂಡು ಹೋದ್ರು. ಇಸಿಜಿ ಕಾಗದ ಹೊರಗೆ ಬಂದ ಮೇಲೆ ಡಾಕ್ಟ್ರು ಓಡಿದ್ದು ಕಂಡಿತು. ಅಗಿಯೋಕೆ ಮಾತ್ರೆ ಕೊಟ್ರು, 108ಕ್ಕೆ ಫೋನ್ ಮಾಡಿದ್ರು, ಆ ಕಡೆ ಜಯದೇವ ಹೃದ್ರೋಗ ಆಸ್ಪತ್ರೆಗೂ ಫೋನ್ ಹೋಯ್ತು. ಅವರ ಜೊತೆ ಬಂದಿದ್ದ ಹುಡುಗ ಮಾತ್ರ "ಗ್ಯಾಸ್ ಅಲ್ವಾ ಡಾಕ್ಟ್ರೇ? ಗ್ಯಾಸ್ ಅಲ್ವಾ?" ಅಂತಲೇ ಇದ್ದ.

ಎದೆನೋವು ಅಂತ ಬಂದವರಿಗೆ ಹತ್ತು ನಿಮಿಷದೊಳಗೆ ಇಸಿಜಿ ಆಗ್ಬೇಕು ಅನ್ನೋದು ಎಲ್ಲ ಕಡೆಯ ವೈದ್ಯರೂ ಒಪ್ಪಿದ ನಿಯಮ. ಆದ್ರೆ ಆ ಮನುಷ್ಯ ಎದೆನೋವು ಅಂತ ಬಂದೇ ಇರಲಿಲ್ಲವಲ್ಲ! ದೊಡ್ಡ ಆಸ್ಪತ್ರೆಗೆ ಹೋಗೋಷ್ಟು ದೊಡ್ಡದಲ್ಲ ಅಂತ ಅವರೇ ತೀರ್ಮಾನ ಮಾಡ್ಕೊಂಡು ಇಲ್ಲಿಗೆ ಬಂದಿದ್ರು. ಈ ಸಣ್ಣ ಜಾಗ ಇರದೇ ಹೋಗಿದ್ರೆ ಇನ್ನೊಂದು ಸೋಡಾ ಕುಡಿದು ಮಲಗ್ತಿದ್ರು, ಅಷ್ಟೇ. ಸಣ್ಣಪುಟ್ಟದ್ದಕ್ಕೆ ಅಂತ ಇರೋ ಜಾಗಗಳ ಬೆಲೆ ಹೊಲಿಗೆಯಲ್ಲೂ ಬ್ಯಾಂಡೇಜಿನಲ್ಲೂ ಇಲ್ಲ ಅಂತ ನನಗೆ ಅವತ್ತು ಅನ್ನಿಸ್ತು. ಯಾವುದು ಸಣ್ಣದು, ಯಾವುದು ಅಲ್ಲ ಅಂತ ನೋಡೋ ಒಂದು ಜೊತೆ ಕಣ್ಣು ಅಲ್ಲಿರುತ್ತೆ. ಆ ಸಿಸ್ಟರ್‌ಗೆ ಸಂಬಳ ಎಷ್ಟೋ, ಕೇಳೋಕೆ ಮನಸ್ಸಾಗ್ಲಿಲ್ಲ.

(ಹಳ್ಳಿ ಕಡೆಯವರಿಗೆ ಒಂದು ಮಾತು: ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆದು, ಬೇಕಾದ್ರೆ ಹೆಪ್ಪು ಕರಗಿಸೋ ಟೆನೆಕ್ಟಪ್ಲೇಸ್ ಇಂಜೆಕ್ಷನ್ ಉಚಿತವಾಗಿ ಕೊಡ್ತಾರೆ. 2023ರಿಂದ ಇದೆ. ಮೈಸೂರು ಮುಟ್ಟೋವರೆಗೆ ಕಾಯ್ಬೇಡಿ.)

ನನ್ನ ಸರದಿ ಬಂತು. ಡಾಕ್ಟ್ರು ಬಟ್ಟೆ ಬಿಚ್ಚಿ ನೋಡಿ, "ಫಿಲ್ಟರಾ, ಇನ್‌ಸ್ಟೆಂಟಾ?" ಅಂದ್ರು. ಕಾಫಿಪುಡಿ ತೊಳೆಯೋಕೇ ಕಾಲು ಗಂಟೆ ಹಿಡೀತು. ರಕ್ತ ನಿಂತ ಹಾಗೆ ಕಾಣುತ್ತೆ, ಆದ್ರೆ ಒಳಗೆ ಸೇರ್ಕೊಂಡ ಪುಡಿ ಕೀವಿಗೆ ದಾರಿ, ಜೊತೆಗೆ ಗಾಯದ ಆಳ ನೋಡೋಕೂ ಬಿಡಲ್ಲ ಅಂದ್ರು. ಅರಿಶಿನ, ಬೂದಿ ಎಲ್ಲದಕ್ಕೂ ಇದೇ ಮಾತು. ಹರಿಯೋ ನೀರಲ್ಲಿ ತೊಳೆದು, ಒಗೆದ ಬಟ್ಟೆ ಇಟ್ಟು, ಒತ್ತಿ ಹಿಡ್ಕೊಂಡು, ಕೈ ಮೇಲೆತ್ಕೊಂಡು ಬಂದ್ರೆ ಸಾಕಂತೆ. ಹೊಲಿಯೋ ಮುಂಚೆ ಬೆರಳು ಮಡಚಿಸಿದ್ರು, ಬಿಡಿಸಿದ್ರು, ಕಣ್ಣು ಮುಚ್ಚಿಸಿ ತುದಿ ಮುಟ್ಟಿ "ಗೊತ್ತಾಗ್ತಿದೆಯಾ" ಅಂತ ಕೇಳಿದ್ರು. ನರ, ಸ್ನಾಯುರಜ್ಜು ತುಂಡಾಗಿದ್ರೆ ಇಲ್ಲಿ ಹೊಲಿಯಲ್ಲ, ದೊಡ್ಡ ಆಸ್ಪತ್ರೆಗೆ ಕಳಿಸ್ತೀವಿ ಅಂದ್ರು. ಆಗಿರಲಿಲ್ಲ. ಐದು ಹೊಲಿಗೆ, ಒಂದು ಟಿಟಿ. ಈಗ ಕೊಡೋದು ಟಿಡಿ, ಧನುರ್ವಾಯು ಜೊತೆ ಗಂಟಲಮಾರಿಗೂ ಸೇರಿಸಿರೋದು, ಆದ್ರೆ ಚೀಟಿಯಲ್ಲೂ ಬಾಯಲ್ಲೂ ಟಿಟಿ ಅಂತಲೇ ಉಳಿದಿದೆ. ಎಲ್ಲ ಸೇರಿ 1,650 ರೂಪಾಯಿ. ಒಂದೂ ಕಾಲು ಗಂಟೆಯಲ್ಲಿ ಮುಗೀತು.

ಇಷ್ಟೇ ಆಗಿದ್ರೆ ಈ ಪೋಸ್ಟ್ ಬರೀತಿರಲಿಲ್ಲ. ಬಿಲ್ಲು ಕಟ್ಟೋಕೆ ನಿಂತಾಗ ಮುಂದೆ ಒಬ್ಬರು ಜಗಳ ಆಡ್ತಿದ್ರು. ಒಳ್ಳೆ ಕೆಲಸದಲ್ಲಿರೋ ಹಾಗೆ ಕಾಣ್ತಿದ್ದ ಅಪ್ಪ, ಹೆಗಲ ಮೇಲೆ ನಾಲ್ಕು ವರ್ಷದ ಮಗಳು. ಮಧ್ಯಾಹ್ನದಿಂದ ನೂರಾ ಒಂದು ಜ್ವರ. ಒಳಗೆ ಡಾಕ್ಟ್ರು ಅವರಿಗೆ ಹೇಳಿದ್ದೆಲ್ಲ ಪರದೆ ಈಚೆ ನನಗೆ ಕೇಳಿಸಿತ್ತು. ನೀರು ಕುಡೀತಿದಾಳಾ, ಉಚ್ಚೆ ಹೋಗ್ತಿದಾಳಾ, ಜ್ವರ ಇಳಿದಾಗ ಆಡ್ತಾಳಾ, ಮೈಮೇಲೆ ಗುಳ್ಳೆ ಇದೆಯಾ. ಕಿವಿ ನೋಡಿದ್ರು, ಗಂಟಲು ನೋಡಿದ್ರು, ಕತ್ತು ಬಗ್ಗಿಸಿ ನೋಡಿದ್ರು, ತೂಕ ಹಾಕಿ ಪ್ಯಾರಾಸಿಟಮಾಲ್ ಎಷ್ಟು ಎಂಎಲ್ ಅಂತ ಬರೆದುಕೊಟ್ರು. "ವೈರಲ್ ಜ್ವರದ ಹಾಗಿದೆ, ಆಂಟಿಬಯೋಟಿಕ್ ಇದಕ್ಕೆ ಕೆಲಸ ಮಾಡಲ್ಲ. ಈಗ ಏನೂ ಇಲ್ಲ, ಮನೆಗೆ ಹೋಗಿ. ಮಂಕಾದ್ರೆ, ಉಸಿರು ಜೋರಾದ್ರೆ, ಕುಡಿಯೋದು ಬಿಟ್ರೆ, ಮೂರು ದಿನ ದಾಟಿದ್ರೆ ಬನ್ನಿ" ಅಂದ್ರು. ಹದಿನೈದು ನಿಮಿಷ ಕೊಟ್ರು ಆ ಮಗೂಗೆ.

ಅಪ್ಪನ ತಕರಾರು: "ಒಂದು ಇಂಜೆಕ್ಷನ್ ಕೊಟ್ಟಿಲ್ಲ, ಒಂದು ಟೆಸ್ಟ್ ಬರೆದಿಲ್ಲ. ಬರೀ ಮುಟ್ಟಿ ನೋಡಿದ್ದಕ್ಕೆ ನಾನೂರು ರೂಪಾಯಾ?"

ನನ್ನ ತಕರಾರು ಇಲ್ಲಿಂದ ಶುರು. ಆ ನಾನೂರು ಕೊಡಬೇಕಾಗಿದ್ದೇ ಅದಕ್ಕೆ ಸ್ವಾಮಿ! 'ಏನೂ ಇಲ್ಲ' ಅಂತ ಧೈರ್ಯವಾಗಿ ಹೇಳೋಕೆ ಎಷ್ಟು ಓದಿರಬೇಕು, ಎಷ್ಟು ಮಕ್ಕಳನ್ನ ನೋಡಿರಬೇಕು. ಸೂಜಿ ಚುಚ್ಚೋದು ಸುಲಭ. ಏನೂ ಚುಚ್ಚದೆ, ಏನನ್ನ ಕಂಡ್ರೆ ವಾಪಸ್ ಬರಬೇಕು ಅಂತ ಹೇಳಿ ಮನೆಗೆ ಕಳಿಸೋದು ಕಷ್ಟ, ಯಾಕಂದ್ರೆ ನಾಳೆ ಹೆಚ್ಚು ಕಮ್ಮಿ ಆದ್ರೆ ಹೊಣೆ ಅವರ ತಲೆ ಮೇಲೆ. ನಾವು ಔಷಧಿಗೆ ದುಡ್ಡು ಕೊಡ್ತೀವಿ, ಸೂಜಿಗೆ ಕೊಡ್ತೀವಿ, ಮಂಚಕ್ಕೆ ಕೊಡ್ತೀವಿ. ತಲೆಗೆ ಕೊಡೋಕೆ ಮಾತ್ರ ಹೊಟ್ಟೆ ಉರಿಯುತ್ತೆ. ಹೀಗಾಗಿ ಪಾಪ ಅವರೂ ಕಲಿತಿದಾರೆ. ಕೈಗೆ ಏನಾದ್ರೂ ಕೊಟ್ಟು ಕಳಿಸಿದ್ರೆ ಜಗಳ ಇಲ್ಲ.

ಗ್ಲೂಕೋಸ್ ಬಾಟಲಿನ ಕಥೆನೇ ತಗೊಳ್ಳಿ. ನಮ್ಮ ಮಂಡ್ಯ ಸೀಮೆಯಲ್ಲಿ "ಸುಸ್ತು ಕಣ್ ಸಾ, ಒಂದು ಬಾಟ್ಲು ಹಾಕ್ಬುಡಿ" ಅನ್ನೋದು ಕಾಯಿಲೆಯ ಹೆಸರೋ, ಔಷಧಿಯ ಹೆಸರೋ ಗೊತ್ತಾಗಲ್ಲ. ಅರ್ಧ ಲೀಟರಿನ ಶೇಕಡಾ 5ರ ಡೆಕ್ಸ್‌ಟ್ರೋಸ್ ಬಾಟಲಲ್ಲಿ ಇರೋದು 25 ಗ್ರಾಂ ಸಕ್ಕರೆ. ಐದಾರು ಚಮಚ ಅಷ್ಟೇ. ಸಕ್ಕರೆ ನಾಡಿನವರು ಐದು ಚಮಚ ಸಕ್ಕರೆಯನ್ನ ಐನೂರು ಕೊಟ್ಟು ನರಕ್ಕೆ ಹಾಕಿಸ್ಕೊಳ್ಳೋದು! ವಾಂತಿ ನಿಲ್ಲದವರಿಗೆ, ಬಾಯಲ್ಲಿ ಏನೂ ತಗೊಳ್ಳೋಕೆ ಆಗದವರಿಗೆ ಡ್ರಿಪ್ ಬೇಕು, ಅದನ್ನ ಡಾಕ್ಟ್ರು ಹೇಳ್ತಾರೆ. ಬಾಯಲ್ಲಿ ಕುಡಿಯೋ ಶಕ್ತಿ ಇದ್ದವರಿಗೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಒಂದು ಓಆರ್‌ಎಸ್ ಪೊಟ್ಟಣ ಸಾಕು. ಹೋದ ವರ್ಷ ನನ್ನ ಮಗನಿಗೂ ಅಷ್ಟೇ ಬೇಕಾಗಿತ್ತು ಅಂತ ಈಗ ಅನ್ನಿಸುತ್ತೆ, ಆದ್ರೆ ಅವತ್ತು ಯಾರಾದ್ರೂ ಹಾಗೆ ಹೇಳಿ ಕಳಿಸಿದ್ರೆ ನಾನೂ ಕೌಂಟರಲ್ಲಿ ಜಗಳ ಆಡ್ತಿದ್ದೆನೇನೋ.

ಮಂಡ್ಯದ ಐದು ರೂಪಾಯಿ ಡಾಕ್ಟ್ರು ಶಂಕರೇಗೌಡರ ಬಗ್ಗೆ ನಮಗೆಲ್ಲ ಹೆಮ್ಮೆ. ಇರಬೇಕಾದ್ದೇ. ಆದ್ರೆ ಅದು ಅವರ ದೊಡ್ಡತನ. ಅದನ್ನೇ ಅಳತೆಗೋಲು ಮಾಡ್ಕೊಂಡು, ಬಾಡಿಗೆ ಕಟ್ಟಿ, ರಾತ್ರಿ ಪಾಳಿಗೆ ಇಬ್ಬರು ಸಿಸ್ಟರ್ ಇಟ್ಕೊಂಡವರ ಮುಂದೆ ಹಿಡಿದ್ರೆ ಹೇಗೆ?

ನಾನೂರು ಎಲ್ಲರ ಕೈಲೂ ಇರಲ್ಲ, ಗೊತ್ತು. ನಮ್ಮ ಮನೆ ಕೆಲಸಕ್ಕೆ ಬರೋ ಹುಡುಗಿ ಇದನ್ನ ಓದಿದ್ರೆ ನಗ್ತಾಳೆ. ಸರ್ಕಾರ 2022ರ ಡಿಸೆಂಬರ್‌ನಲ್ಲಿ 'ನಮ್ಮ ಕ್ಲಿನಿಕ್' ಶುರು ಮಾಡ್ದಾಗ ನನಗೆ ನಿಜವಾಗ್ಲೂ ಖುಷಿಯಾಗಿತ್ತು. ಒಬ್ಬ ಡಾಕ್ಟ್ರು, ಒಬ್ಬ ನರ್ಸ್, ಒಬ್ಬ ಲ್ಯಾಬ್ ಟೆಕ್ನಿಷಿಯನ್, ಎಲ್ಲ ಉಚಿತ, ಬಡಾವಣೆಯಲ್ಲೇ. ಆದ್ರೆ ವೇಳೆ ಮಾಡಿದ್ದು ಬೆಳಗ್ಗೆ ಒಂಬತ್ತರಿಂದ ಸಂಜೆ ನಾಲ್ಕೂವರೆ. ಗಾರೆ ಕೆಲಸದವರು, ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಆ ಹೊತ್ತಿಗೆ ಹೋಗ್ಬೇಕು ಅಂದ್ರೆ ಒಂದು ದಿನದ ಕೂಲಿ ಬಿಡಬೇಕು. ಉಚಿತ ಅನ್ನೋದು ಅವರಿಗೆ ಆರುನೂರು ರೂಪಾಯಿ ಬೀಳುತ್ತೆ. ಸಂಜೆ ಐದರಿಂದ ರಾತ್ರಿ ಹನ್ನೊಂದು, ಭಾನುವಾರವೂ ಸೇರಿ, ವಾರ್ಡಿಗೆ ಬೇಡ, ಊರಿನ ನಾಲ್ಕು ದಿಕ್ಕಿಗೆ ನಾಲ್ಕು ಇಡಿ. ಹೊಲಿಗೆ ಸಾಮಾನು, ನೆಬ್ಯುಲೈಸರ್, ಇಸಿಜಿ ಯಂತ್ರ ಅಷ್ಟು ಇರಲಿ.

ಯಾಕಂದ್ರೆ ಈಗ ಅವರೆಲ್ಲ ಹೋಗೋದು ದೊಡ್ಡ ಸರ್ಕಾರಿ ಆಸ್ಪತ್ರೆ ಕೆ.ಆರ್. ಆಸ್ಪತ್ರೆಗೆ. ಮೈಸೂರು ಜಿಲ್ಲೆ ಸಾಲದು ಅಂತ ಮಂಡ್ಯ, ಚಾಮರಾಜನಗರ, ಕೊಡಗಿನಿಂದೆಲ್ಲ ಅಲ್ಲಿಗೇ ಬರ್ತಾರೆ. ಹೈವೇ ಅಪಘಾತ, ವಿಷ ಕುಡಿದವರು, ಸುಟ್ಟವರು. ಅದರ ಮಧ್ಯೆ ಮೂರು ದಿನದ ನೆಗಡಿ ಹಿಡ್ಕೊಂಡು ಹೋಗಿ, "ಅರ್ಧ ಗಂಟೆಯಿಂದ ನಿಂತಿದೀನಿ, ಯಾರೂ ಕೇಳೋರಿಲ್ಲ" ಅಂತ ಇಪ್ಪತ್ಮೂರು ವರ್ಷದ ಹೌಸ್ ಸರ್ಜನ್ ಹುಡುಗಿ ಮೇಲೆ ಕೂಗಾಡೋರನ್ನ ನಾನೇ ಕಣ್ಣಾರೆ ಕಂಡಿದೀನಿ. ಎಮರ್ಜೆನ್ಸಿಯಲ್ಲಿ ಮೊದಲು ಬಂದವರಿಗೆ ಮೊದಲು ಅನ್ನೋದಿಲ್ಲ, ಕೆಂಪು, ಹಳದಿ, ಹಸಿರು ಅಂತ ಭಾಗ ಮಾಡ್ತಾರೆ. ಅಲ್ಲಿ ನಿಮ್ಮನ್ನ ಕಾಯಿಸ್ತಿದಾರೆ ಅಂದ್ರೆ ನೀವು ಹಸಿರು. ಸಂತೋಷ ಪಡಿ.

ಹಾಗಂತ ನನ್ನ ಪೋಸ್ಟ್ ಓದ್ಕೊಂಡು ಎಲ್ಲದಕ್ಕೂ ಸಣ್ಣ ಜಾಗ ಹುಡುಕ್ಬೇಡಿ. ಬಾಯಿ ಸೊಟ್ಟ ಆಯ್ತು, ಒಂದು ಕಡೆ ಕೈ ಬೀಳ್ತಿದೆ, ಮಾತು ತೊದಲ್ತಿದೆ ಅಂದ್ರೆ ಪಾರ್ಶ್ವವಾಯು. ಹೆಪ್ಪು ಕರಗಿಸೋ ಇಂಜೆಕ್ಷನ್‌ಗೆ ಇರೋ ಗಡುವು ನಾಲ್ಕೂವರೆ ಗಂಟೆ, ಸ್ಕ್ಯಾನಿಂಗ್ ಇಲ್ಲದ ಕಡೆ ಕೂತು ಅದನ್ನ ಕಳೀಬಾರದು. ಎದೆ ಹಿಂಡಿದ ಹಾಗೆ ಆದ್ರೆ, ಉಸಿರು ಸಿಗದಿದ್ರೆ, ಒತ್ತಿದ್ರೂ ರಕ್ತ ನಿಲ್ಲದಿದ್ರೆ 108. ಕಬ್ಬಿನ ಗದ್ದೆಯಲ್ಲಿ ಹಾವು ಕಚ್ಚಿದ್ರೆ ಕಟ್ಟು ಬಿಗಿಯೋದು, ಕುಯ್ಯೋದು, ನಾಟಿ ಔಷಧಿ, ಏನೂ ಬೇಡ. ಆ್ಯಂಟಿವೆನಮ್ ಇರೋ ಸರ್ಕಾರಿ ಆಸ್ಪತ್ರೆಗೆ ಸೀದಾ. ಹಾವು ಕಡಿತವನ್ನ ಕಡ್ಡಾಯವಾಗಿ ವರದಿ ಮಾಡ್ಬೇಕು ಅಂತ 2024ರಲ್ಲಿ ನಮ್ಮ ರಾಜ್ಯ ಆದೇಶ ಮಾಡಿದೆ, ಅಷ್ಟು ಗಂಭೀರ ಅದು. ನಾಯಿ ಕಡಿತ ಮಾತ್ರ ಮೋಸದ್ದು. ನೋಡೋಕೆ ಒಂದು ಗೀರು. ಅವತ್ತು ರಾತ್ರಿ ಏನೂ ಆಗಲ್ಲ. ಆದ್ರೆ ರೇಬಿಸ್ ಲಕ್ಷಣ ಶುರುವಾದ ಮೇಲೆ ಉಳಿಸೋಕೆ ಸಾಧ್ಯ ಇಲ್ಲ ಅನ್ನೋಷ್ಟು ಕಷ್ಟ. ಸೋಪು ಹಾಕಿ ಹರಿಯೋ ನೀರಲ್ಲಿ ಹದಿನೈದು ನಿಮಿಷ ತೊಳೆದು ಅವತ್ತೇ ಹೊರಡಿ, ಹೇಳಿದ ದಿನ ಹೇಳಿದ ಹಾಗೆ ಎಲ್ಲ ಇಂಜೆಕ್ಷನ್ ಮುಗಿಸಿ.

ಮೊನ್ನೆ ಹೊಲಿಗೆ ಬಿಚ್ಚಿಸೋಕೆ ಹೋದಾಗ ಅತ್ತೆನೂ ಜೊತೆಗೆ ಬಂದ್ರು. ಎರಡು ದಿನದಿಂದ ಕಿವಿ ಗುಂಯ್ ಅಂತಿದೆ ಅಂತ ಅವರದ್ದೂ ಒಂದು ಟೋಕನ್ ತಗೊಂಡ್ವಿ. ಅದೇ ಡಾಕ್ಟ್ರು ಕಿವಿ ಒಳಗೆ ಬೆಳಕು ಬಿಟ್ಟು ನೋಡಿ, "ಗುಗ್ಗೆ ಗಟ್ಟಿಯಾಗಿದೆ ಅಜ್ಜಿ, ಬೇರೆ ಏನೂ ಇಲ್ಲ. ಐದು ದಿನ ಡ್ರಾಪ್ಸ್ ಹಾಕಿ, ಮೆತ್ತಗಾದ ಮೇಲೆ ಬನ್ನಿ. ಪಿನ್ನು, ಕಡ್ಡಿ ಹಾಕ್ಬೇಡಿ" ಅಂದ್ರು. ಅತ್ತೆ ತಲೆ ಆಡಿಸಿದ್ರು. ಮೆಟ್ಟಿಲು ಇಳಿಯೋವಾಗ ನನ್ನ ಭುಜ ಹಿಡ್ಕೊಂಡು, ಯಾರಿಗೂ ಕೇಳಿಸಬಾರದು ಅನ್ನೋ ಹಾಗೆ, ಇಡೀ ಬೀದಿಗೆ ಕೇಳಿಸೋ ದನಿಯಲ್ಲಿ ಅಂದ್ರು:

"ಒಂದ್ ಸೂಜಿ ಚುಚ್ನಿಲ್ಲ, ಏನಿಲ್ಲ. ನಾನೂರು ಇಸ್ಕೊಂಡ್ನಲ್ಲವ್ವಾ ನಿನ್ ಡಾಕುಟ್ರು!"